1969ರ ವ್ಯಾನಿನ ಹಿಂಚಕ್ರದ ಆಕ್ಸಲ್ ನಟ್ ಜಪ್ಪಯ್ಯ ಎಂದರೂ ಬಿಚ್ಚುತ್ತಿಲ್ಲ: ಯಾವ ಸಾಧನ ತರಲಿ?

ಬಿಳಿ ಬಸ್, ಸ್ಯಾಕ್ರಮೆಂಟೊ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಪಕ್ಕದ ಬೀದಿಯ ಹಿರಿಯರೊಬ್ಬರು ವಯಸ್ಸಾಯಿತೆಂದು ಮಾರಿದ 1969ರ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನನ್ನು ಕಳೆದ ವರ್ಷ ಕೊಂಡೆ. ಇಲ್ಲಿನವರು ಇದನ್ನು ಬಸ್ ಎಂದೇ ಕರೆಯುತ್ತಾರೆ, ನಮ್ಮ ಮನೆಯಲ್ಲೂ ಅದೇ ಹೆಸರು ನಿಂತಿದೆ.

ಎರಡು ವಾರದಿಂದ ಬ್ರೇಕ್ ಪೆಡಲ್ ಮೆತ್ತಗೆ ಕೆಳಗೆ ಇಳಿಯುತ್ತಿದೆ. ಎಡಗಡೆಯ ಹಿಂಚಕ್ರದ ಒಳಬದಿಯಲ್ಲಿ ಬ್ರೇಕ್ ಎಣ್ಣೆಯ ಒಸರು ಕಾಣುತ್ತಿದೆ. ಬ್ರೇಕ್ ಡ್ರಮ್ (ಚಕ್ರದೊಂದಿಗೆ ತಿರುಗುವ ಕಬ್ಬಿಣದ ಬಟ್ಟಲು) ಬಿಚ್ಚಿ ವೀಲ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಭಾಗ) ನೋಡಲೇಬೇಕು. ಈ ಮಾದರಿಯಲ್ಲಿ ಡ್ರಮ್ ಹೊರಬರಬೇಕಾದರೆ ನಡುವಿನ ದೊಡ್ಡ ಕ್ಯಾಸಲ್ ನಟ್ (ತಲೆಯಲ್ಲಿ ಸೀಳುಗಳಿರುವ ನಟ್) ಬಿಚ್ಚಬೇಕು. ಅದರ ಅಳತೆ 46 ಮಿಲಿಮೀಟರ್. ಕೈಪಿಡಿಯ ಪ್ರಕಾರ ತಿರುಚುವ ಬಲದ ಅಳತೆಯಲ್ಲಿ ಅದನ್ನು ಬಿಗಿಯುವುದೇ ಸುಮಾರು 340 ನ್ಯೂಟನ್ ಮೀಟರ್‌ನಲ್ಲಿ.

ನಿನ್ನೆ, ನಟ್ ತಿರುಗದಂತೆ ಅದರ ಸೀಳಿನಲ್ಲಿ ತೂರಿಸಿದ್ದ ಎರಡು ಕಾಲಿನ ಸ್ಪ್ಲಿಟ್ ಪಿನ್ ಎಳೆದು ತೆಗೆದೆ. ಅರ್ಧ ಇಂಚಿನ ಬಾರ್‌ಗೆ ಮೂರು ಅಡಿ ಪೈಪ್ ಸಿಕ್ಕಿಸಿ ಮೈಭಾರ ಹಾಕಿದೆ. ಹ್ಯಾಂಡ್ ಬ್ರೇಕ್ ಹಾಕಿದ್ದರೂ ಬಸ್ ಅರ್ಧ ಅಡಿ ಮುಂದೆ ಹೋಯಿತು. ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಒತ್ತಿದಾಗ ಬಾರಿನ ಚೌಕದ ತುದಿ ಕಟ್ ಎಂದು ತುಂಡಾಯಿತು. ಬೆರಳಿನ ಗೆಣ್ಣು ಸುಲಿದಿದೆ, ನಟ್ ಕೂದಲೆಳೆಯಷ್ಟೂ ಅಲುಗಿಲ್ಲ. ಇಂಪ್ಯಾಕ್ಟ್ ಗನ್ (ಬಡಿದು ಬಡಿದು ನಟ್ ತಿರುಗಿಸುವ ಯಂತ್ರ), ಸುತ್ತಿಗೆಯಿಂದ ಹೊಡೆಯುವ ಸ್ಪ್ಯಾನರ್, ಗೇರಿನಿಂದ ಕೈಬಲವನ್ನು ಹಲವು ಪಟ್ಟು ಮಾಡುವ ಟಾರ್ಕ್ ಮಲ್ಟಿಪ್ಲೈಯರ್ ಮೂರೂ ಇಲ್ಲಿ ಸಿಗುತ್ತವೆ. ಯಾವುದಕ್ಕೆ ಹಣ ಹಾಕಲಿ? ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ, ಬ್ರೇಕಿನ ಮಾತು. ಬಲ್ಲವರು ದಯವಿಟ್ಟು ಹೇಳಿ.

ಲಾರಿ ಮೇಸ್ತ್ರಿ, ಹುಬ್ಬಳ್ಳಿ

ತಮ್ಮಾ, ಮುರಿದದ್ದು ಬಾರ್, ಕೈಯಲ್ಲ. ಮೊದಲು ಅದಕ್ಕೆ ಸಮಾಧಾನಪಡು.

ನಿನ್ನ ಗಾಡಿಯನ್ನು ನಾನು ಕೈಯಿಂದ ಮುಟ್ಟಿಲ್ಲ. ಆದರೆ ಲಾರಿ, ಟ್ರ್ಯಾಕ್ಟರ್‌ಗಳ ನಟ್ ಬಿಚ್ಚುತ್ತಾ ಮೂವತ್ತೊಂದು ವರ್ಷ ಕಳೆದಿದ್ದೇನೆ. ನಿನ್ನ ಬರಹದಲ್ಲಿ ನನಗೆ ಮುಖ್ಯವೆಂದು ಕಂಡದ್ದು ಬಾರ್ ಮುರಿದ ಸಂಗತಿಯಲ್ಲ, ಬಸ್ ಅರ್ಧ ಅಡಿ ಮುಂದೆ ಹೋದ ಸಂಗತಿ. ನೀನು ನಟ್ಟಿಗೆ ಕೊಟ್ಟ ಬಲ ಇಡೀ ಗಾಡಿಯನ್ನು ತಳ್ಳಲು ಹೋಯಿತು. ಬಿಚ್ಚುವ ಬಲ ಎಷ್ಟಾದರೂ ತರಬಹುದು, ಪೈಪ್ ಉದ್ದ ಮಾಡಿದರೆ ಮುಗಿಯಿತು. ತಡೆಯುವ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಹೊಸಬ ಹುಡುಗರು ಅಂಗಡಿಗೆ ಬಂದಾಗ ನಾನು ಕಲಿಸುವ ಮೊದಲ ಪಾಠ ಇದು. ಡ್ರಮ್ ಹಿಡಿ, ಆಮೇಲೆ ನಟ್ ತಿರುಗಿಸು.

ಇನ್ನೊಂದು ಮಾತು, ಇದನ್ನು ಮನೆಯವರಿಗೂ ಓದಿ ಹೇಳು. ಗಾಡಿ ಬರೀ ಜಾಕಿನ ಮೇಲೆ ನಿಂತಿರುವಾಗ ಉದ್ದನೆಯ ಪೈಪಿಗೆ ಕೈ ಹಾಕಬಾರದು. ನಾನು ಒಬ್ಬ ಒಳ್ಳೆಯ ಕೆಲಸಗಾರನ ಕಾಲು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಪಾಲಿಟೆಕ್ನಿಕ್ ಮೇಷ್ಟ್ರು, ದಾವಣಗೆರೆ

ಮೇಸ್ತ್ರಿಗಳ ಮಾತಿಗೆ ಲೆಕ್ಕ ಜೋಡಿಸುತ್ತೇನೆ. 340 ನ್ಯೂಟನ್ ಮೀಟರ್ ಎಂದರೆ, 70 ಕಿಲೋ ತೂಕದ ಮನುಷ್ಯ ನಟ್ಟಿನ ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ, ಅಡ್ಡವಾಗಿರುವ ಬಾರಿನ ಮೇಲೆ ನಿಂತಷ್ಟು. ಅದು ಬಿಗಿದ ದಿನದ ಲೆಕ್ಕ. ವರ್ಷಗಟ್ಟಲೆ ತುಕ್ಕು ಕೂತ ಮೇಲೆ ಬಿಚ್ಚಲು ಅದರ ಎರಡು ಪಟ್ಟು ಬೇಕಾದರೂ ಆಶ್ಚರ್ಯವಿಲ್ಲ. 700 ಎಂದಿಟ್ಟುಕೊಳ್ಳಿ. ಟೈರಿನ ತ್ರಿಜ್ಯ ಸುಮಾರು 33 ಸೆಂಟಿಮೀಟರ್ ಆದರೆ, ಆ 700 ನ್ಯೂಟನ್ ಮೀಟರ್ ನೆಲದ ಮಟ್ಟದಲ್ಲಿ ಎರಡು ಕ್ವಿಂಟಾಲಿಗೂ ಮಿಕ್ಕಿದ ತಳ್ಳಾಟವಾಗುತ್ತದೆ. ಐವತ್ತು ವರ್ಷ ಹಳೆಯ ಹ್ಯಾಂಡ್ ಬ್ರೇಕ್, ಅದೂ ಬ್ರೇಕ್ ಎಣ್ಣೆ ಕುಡಿದ ಶೂ ಇರುವ ಚಕ್ರದಲ್ಲಿ, ಅದನ್ನು ಹೇಗೆ ತಡೆಯಬೇಕು?

ಬಸ್ ಮುಂದೆಯೇ ಏಕೆ ಹೋಯಿತು ಎಂಬುದಕ್ಕೂ ಕಾರಣವಿದೆ. ಎಡಚಕ್ರದ ಎದುರು ನಿಂತು ನೋಡಿದರೆ ಗಾಡಿಯ ಮೂತಿ ನಿಮ್ಮ ಎಡಕ್ಕೆ ಇರುತ್ತದೆ. ಅದು ಮುಂದೆ ಉರುಳಿದರೆ ಚಕ್ರ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ನಟ್ ಬಿಚ್ಚುವ ದಿಕ್ಕೂ ಅದೇ. ಬಲಗಡೆ ಇದೇ ಕೆಲಸ ಮಾಡಿದರೆ ಗಾಡಿ ಹಿಂದಕ್ಕೆ ಹೋಗಲು ನೋಡುತ್ತದೆ. ನಿಮ್ಮ ಗಾಡಿಯ ಎರಡೂ ಹಿಂಚಕ್ರಗಳಲ್ಲಿ ಸಾಮಾನ್ಯ ಬಲಗೈ ಮರೆಯೇ (ಬಲಕ್ಕೆ ತಿರುಗಿಸಿದರೆ ಬಿಗಿಯುವ ತಿರುಪಿನ ಗೆರೆ) ಅಲ್ಲವೇ? ಒಮ್ಮೆ ಖಚಿತಪಡಿಸಿ.

ಬಿಳಿ ಬಸ್, ಸ್ಯಾಕ್ರಮೆಂಟೊ

ಹೌದು ಸರ್, ಹಿಂದೆ ಎರಡೂ ಕಡೆ ಸಾಮಾನ್ಯ ಮರೆಯೇ. ನಾನು ದಿಕ್ಕು ತಪ್ಪಿ ಬಿಗಿಯುತ್ತಿಲ್ಲ, ಅಷ್ಟು ಖಾತ್ರಿ. ಮೇಸ್ತ್ರಿಗಳಿಗೆ ನಮಸ್ಕಾರ. ಬಸ್ ಮುಂದೆ ಹೋದದ್ದನ್ನು ನಾನು ಕಲ್ಲು ಸರಿಯಾಗಿ ಇಡದ ತಪ್ಪು ಎಂದಷ್ಟೇ ಎಣಿಸಿದ್ದೆ.

ಮೀನಿನ ವ್ಯಾನ್, ಮಲ್ಪೆ

ನಮ್ಮದು ಮುಂಚಕ್ರ ಚಾಲನೆಯ ಹಳೆಯ ವ್ಯಾನ್. ದಿನಾ ಐಸ್ ನೀರು, ಉಪ್ಪುಗಾಳಿ. ಹಬ್ ನಟ್ (ಚಕ್ರದ ನಡುಭಾಗದ ನಟ್) ತುಕ್ಕಿಗೆ ಬೆಸುಗೆ ಹಾಕಿದಂತೆ ಅಂಟಿರುತ್ತದೆ. ಅನುಭವದಿಂದ ಹೇಳುವುದಾದರೆ, ಟೈರ್ ಅಂಗಡಿಯಲ್ಲಿರುವ, ಗಾಳಿಯಿಂದ ನಡೆಯುವ ಇಂಪ್ಯಾಕ್ಟ್ ಗನ್ನೇ ಎಲ್ಲಕ್ಕಿಂತ ಸುಲಭ. ಅದು ಒಂದೇ ಸಮನೆ ತಿರುಚುವುದಿಲ್ಲ, ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತದೆ. ಆ ಬಡಿತಕ್ಕೆ ತುಕ್ಕು ಪುಡಿಯಾಗಿ ಉದುರುತ್ತದೆ. ಚಕ್ರ ತಿರುಗಲು ಹೊರಡುವ ಮುನ್ನವೇ ಏಟು ಬಿದ್ದು ಮುಗಿದಿರುವುದರಿಂದ ತಡೆಯುವ ಸಮಸ್ಯೆಯೂ ಕಡಿಮೆ.

ಮನೆಯ ಪುಟ್ಟ ಕಂಪ್ರೆಸರ್ ಮಾತ್ರ ಈ ಕೆಲಸಕ್ಕೆ ಆಗದು. ಟ್ಯಾಂಕ್ ಸಣ್ಣದು, ಕೊಳವೆಯೂ ಸಣ್ಣದು. ನಾಲ್ಕು ಸೆಕೆಂಡ್ ಹೊಡೆದ ಮೇಲೆ ಗನ್ನಿಗೆ ಉಸಿರೇ ಇರುವುದಿಲ್ಲ. ಬ್ಯಾಟರಿಯ ಗನ್ ಕೊಳ್ಳುವುದಾದರೆ ದೊಡ್ಡದೇ ಬೇಕು. ಗನ್ನಿಗೆ ಹಾಕುವ ಸಾಕೆಟ್ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಆಗಿರಲಿ. ಹೊಳೆಯುವ ಕ್ರೋಮ್ ಸಾಕೆಟ್ ಆ ಏಟಿಗೆ ಸೀಳಿ ಚೂರು ಹಾರುತ್ತದೆ. ಕಣ್ಣಿಗೆ ಕನ್ನಡಕ ಹಾಕಿ.

ಅಡಿಕೆ ತೋಟ, ಶಿರಸಿ

ಇಷ್ಟೆಲ್ಲ ಏಕೆ? ಗ್ಯಾಸ್ ಟಾರ್ಚ್ ತಂದು ನಟ್ ಕೆಂಪಗೆ ಕಾಯಿಸಿ. ನಮ್ಮ ಪವರ್ ಟಿಲ್ಲರಿನಲ್ಲಿ ಪ್ರತಿ ಮಳೆಗಾಲದ ನಂತರ ಇದೇ ಉಪಾಯ. ಐದು ನಿಮಿಷದ ಕೆಲಸ.

ಪಾಲಿಟೆಕ್ನಿಕ್ ಮೇಷ್ಟ್ರು, ದಾವಣಗೆರೆ

ಕಾಯಿಸಿದರೆ ನಟ್ ಹಿಗ್ಗುವುದು ನಿಜ. 30 ಮಿಲಿಮೀಟರ್ ತೂತಿನ ಉಕ್ಕಿನ ನಟ್ 300 ಡಿಗ್ರಿ ಏರಿದರೆ ತೂತು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದೊಡ್ಡದಾಗುತ್ತದೆ. ತುಕ್ಕಿನ ಹಿಡಿತ ಬಿಡಿಸಲು ಅದು ಸಾಕು. ಆದರೆ ಒಳಗಿನ ಆಕ್ಸಲ್ ಕಾಯುವ ಮುನ್ನ ಬಿಚ್ಚಬೇಕು, ಇಲ್ಲವಾದರೆ ಎರಡೂ ಹಿಗ್ಗಿ ಮೊದಲಿನಂತೆಯೇ ಕೂರುತ್ತವೆ.

ಈ ಗಾಡಿಯಲ್ಲಿ ಮಾತ್ರ ನಾನು ಬೇಡ ಎನ್ನುತ್ತೇನೆ. ನಟ್ಟಿನ ಹಿಂದೆ ಕೈಯಳತೆಯಲ್ಲೇ ರಬ್ಬರ್ ಸೀಲ್, ಬೇರಿಂಗಿನ ಗ್ರೀಸ್ ಇವೆ. ಸಾಲದ್ದಕ್ಕೆ ಬ್ರೇಕ್ ಎಣ್ಣೆ ಸೋರಿದೆ, ಅದು ಹೊತ್ತಿಕೊಳ್ಳುವ ವಸ್ತು. ಮತ್ತೊಂದು ಎಚ್ಚರಿಕೆ. ಜಿಡ್ಡು ತೊಳೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದು ಅದರ ಮೇಲೆ ಬೆಂಕಿ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲವೇ ಅದು. ಮುಚ್ಚಿದ ಗ್ಯಾರೇಜಿನಲ್ಲಿ ಅದರ ಗೊಡವೆಯೇ ಬೇಡ.

ಅಡಿಕೆ ತೋಟ, ಶಿರಸಿ

ಬ್ರೇಕ್ ಎಣ್ಣೆ ಸೋರಿದ್ದನ್ನು ನಾನು ಗಮನಿಸಲಿಲ್ಲ. ನನ್ನ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಬೆಂಕಿ ಬೇಡವಾದರೆ ತಾಳ್ಮೆಯ ದಾರಿ ಒಂದಿದೆ. ನಟ್ಟಿನ ಮರೆಗೆ ಸಂಜೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಿಂದ ಆರೂ ಮುಖಕ್ಕೆ ತಟ್ಟಿ. ಮೂರು ದಿನ ಹೀಗೆ ಮಾಡಿ. ನಾವು ಡೀಸೆಲ್ ಅಥವಾ ಸೀಮೆಎಣ್ಣೆ ಬಿಡುತ್ತಿದ್ದೆವು. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಎಣ್ಣೆಯನ್ನು ಸಮಸಮ ಬೆರೆಸಿದ್ದು ಇನ್ನೂ ಚೆನ್ನಾಗಿ ಇಳಿಯುತ್ತದೆ. ಬ್ರೇಕ್ ಶೂ ಕಡೆಗೆ ಹರಿಯದಂತೆ ಬಟ್ಟೆ ಸುತ್ತಿ.

ಕಿತ್ತಳೆ ವ್ಯಾನ್, ಸ್ಟುಟ್‌ಗಾರ್ಟ್

ನಾನು ಮೈಸೂರಿನವಳು, ಜರ್ಮನಿಯಲ್ಲಿ ಯಂತ್ರ ವಿನ್ಯಾಸದ ಕೆಲಸ. ನನ್ನ ಬಳಿ ಇರುವುದು 1974ರ ಇದೇ ವ್ಯಾನ್. 1971ರ ಮಾದರಿಯಿಂದ ಫೋಕ್ಸ್‌ವ್ಯಾಗನ್‌ನವರು ಡ್ರಮ್ಮನ್ನೂ ಹಬ್ಬನ್ನೂ ಬೇರೆ ಮಾಡಿದರು. ಆದ್ದರಿಂದ ಬ್ರೇಕ್ ನೋಡಲು ನಾನು ಆ ನಟ್ ಮುಟ್ಟಬೇಕಾಗಿಲ್ಲ. ನಿಮ್ಮದು ಹಳೆಯ ಬಗೆ, ಡ್ರಮ್ಮಿನ ನಡುವೆಯೇ ಹಲ್ಲುಗಳಿದ್ದು ಆಕ್ಸಲ್ ಮೇಲೆ ಕೂರುತ್ತದೆ. ಆದರೂ ಬೇರಿಂಗ್ ಬದಲಿಸುವಾಗ ನಾನು ಈ 46ರ ನಟ್ಟಿನೊಂದಿಗೆ ಒಂದು ಇಡೀ ಶನಿವಾರ ಸೆಣಸಿದ್ದೇನೆ.

ಮೊದಲು ಒಂದು ಪ್ರಶ್ನೆ. ಸ್ಪ್ಲಿಟ್ ಪಿನ್ ಎಳೆದೆ ಎಂದಿರಿ. ಪಿನ್ನಿನ ಎರಡೂ ಕಾಲು ಪೂರ್ತಿ ಬಂದವೇ? ಹೊರಬಂದ ಪಿನ್ ಕೈಯಲ್ಲಿ ಹಿಡಿದು ನೋಡಿ. ಹಳೆಯ ಗಾಡಿಗಳಲ್ಲಿ ಒಂದು ಕಾಲು ಒಳಗೇ ಮುರಿದು, ಅದರ ಮೇಲೆ ತುಕ್ಕೂ ಗ್ರೀಸೂ ಸೇರಿ ತೂತೇ ಇಲ್ಲದಂತೆ ಮುಚ್ಚಿಕೊಂಡಿರುತ್ತದೆ. ಅದನ್ನು ಬಿಟ್ಟು ಬಲ ಹಾಕಿದರೆ ಪಿನ್ ಕತ್ತರಿಸಿ ಆಕ್ಸಲ್ಲಿನ ಮರೆಯನ್ನು ಉತ್ತು ಹಾಕುತ್ತದೆ. ನಟ್ ಹಾಳಾದರೆ ಹೊಸದು ಸಿಗುತ್ತದೆ, ಆಕ್ಸಲ್ ಹಾಳಾದರೆ ದೊಡ್ಡ ಖರ್ಚು.

ಬಿಳಿ ಬಸ್, ಸ್ಯಾಕ್ರಮೆಂಟೊ

ಅಕ್ಕ, ನೀವು ಹೇಳಿದ್ದು ಸತ್ಯ. ಕಸದ ಡಬ್ಬಿಯಿಂದ ಪಿನ್ ಹುಡುಕಿ ತೆಗೆದೆ. ಒಂದು ಕಾಲು ಇನ್ನೊಂದಕ್ಕಿಂತ ಒಂದು ಬೆರಳಗಲ ಗಿಡ್ಡ. ತಂತಿ ಬ್ರಶ್ಶಿನಿಂದ ಉಜ್ಜಿ, ಟಾರ್ಚ್ ಹಿಡಿದು ನೋಡಿದರೆ ನಟ್ಟಿನ ಒಂದು ಸೀಳಿನ ತಳದಲ್ಲಿ ಕಪ್ಪು ಮೇಣದಂಥ ಜಿಡ್ಡು. ಮೊಳೆಯಿಂದ ಕೆರೆದಾಗ ಒಳಗೆ ಲೋಹ ಮಿನುಗಿತು. ಎದುರುಗಡೆಯ ತೂತಿನಿಂದ ತೆಳುವಾದ ಪಂಚ್ ಇಟ್ಟು ತಟ್ಟಿ ತಟ್ಟಿ, ಮುಕ್ಕಾಲು ಗಂಟೆಗೆ ಆ ತುಂಡು ಹೊರಬಿತ್ತು. ನೀವು ಕೇಳದಿದ್ದರೆ ನಾನು ಅದನ್ನು ನೋಡುತ್ತಲೇ ಇರಲಿಲ್ಲ. ತುಂಬ ಉಪಕಾರವಾಯಿತು.

ತುಂಡು ತೆಗೆದ ಮೇಲೆ ಗೆಳೆಯನ ಕಂಪ್ರೆಸರ್ ತಂದು ಗನ್ ಹಿಡಿದೆ. ಮಲ್ಪೆಯ ಅಣ್ಣ ಹೇಳಿದಂತೆಯೇ ನಾಲ್ಕು ಸೆಕೆಂಡಿಗೆ ಉಸಿರು ನಿಂತಿತು. ನಟ್ ಇನ್ನೂ ಅಲ್ಲೇ ಇದೆ. ಎಣ್ಣೆ ಬಿಡುತ್ತಿದ್ದೇನೆ, ಇಂದು ಎರಡನೆಯ ದಿನ.

ಲಾರಿ ಮೇಸ್ತ್ರಿ, ಹುಬ್ಬಳ್ಳಿ

ಇನ್ನು ಸಾಧನದ ಮಾತು. ಸುತ್ತಿಗೆಯಿಂದ ಹೊಡೆಯುವ ಸ್ಪ್ಯಾನರನ್ನು ನಾವು ಸ್ಲಾಗಿಂಗ್ ಸ್ಪ್ಯಾನರ್ ಎನ್ನುತ್ತೇವೆ. ಅಗ್ಗ, ಗಟ್ಟಿ, ನಟ್ ಬಿಚ್ಚುತ್ತದೆ. ಎರಡು ಕಿಲೋ ಸುತ್ತಿಗೆಯ ಏಟು ಪೈಪಿನ ಒತ್ತಡಕ್ಕಿಂತ ತುಕ್ಕನ್ನು ಬೇಗ ಒಡೆಯುತ್ತದೆ. ಆದರೆ ಆ ಏಟು ಬೇರಿಂಗಿಗೂ ಹೋಗುತ್ತದೆ. ಅಲ್ಲದೆ ಅದರಿಂದ ಅಳತೆಗೆ ಸರಿಯಾಗಿ ಬಿಗಿಯಲು ಬರುವುದಿಲ್ಲ. ಬೇರಿಂಗ್ ಹೇಗೂ ಬದಲಿಸುವವನಾದರೆ ತೆಗೆದುಕೋ, ಇಲ್ಲವಾದರೆ ಬೇಡ.

ಲಾರಿಯವರು ಇಟ್ಟುಕೊಳ್ಳುವ ಗೇರ್ ಪೆಟ್ಟಿಗೆಯ ಸಾಧನವೇ, ಅಂದರೆ ನೀನು ಹೇಳಿದ ಟಾರ್ಕ್ ಮಲ್ಟಿಪ್ಲೈಯರೇ, ನಿನಗೆ ಹೇಳಿ ಮಾಡಿಸಿದ್ದು. ಕೈಯಲ್ಲಿ ಸಣ್ಣ ಹಿಡಿಕೆ ತಿರುಗಿಸಿದರೆ ಆ ತುದಿಯಲ್ಲಿ ನಟ್ ಮೆಲ್ಲಗೆ ತಿರುಗುತ್ತದೆ. ಅದರ ಹೆಚ್ಚುಗಾರಿಕೆ ಬಲ ಹೆಚ್ಚಿಸುವುದರಲ್ಲಿ ಮಾತ್ರ ಇಲ್ಲ. ಅದರ ಕಾಲು ಪಕ್ಕದ ನಟ್ಟಿಗೆ ಆತುಕೊಳ್ಳುತ್ತದೆ. ನಟ್ ಎಡಕ್ಕೆ ಹೋಗಲು ಎಷ್ಟು ಬಲವೋ ಅಷ್ಟೇ ಬಲದಿಂದ ಚಕ್ರವನ್ನು ಬಲಕ್ಕೆ ಹಿಡಿದಿರುತ್ತದೆ. ಜಗಳವೆಲ್ಲ ಚಕ್ರದೊಳಗೇ ಮುಗಿಯುತ್ತದೆ. ಗಾಡಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಕಿತ್ತಳೆ ವ್ಯಾನ್, ಸ್ಟುಟ್‌ಗಾರ್ಟ್

ಮೇಸ್ತ್ರಿಗಳೇ, ಇಷ್ಟು ಸ್ಪಷ್ಟವಾಗಿ ನಮಗೆ ಕಾಲೇಜಿನಲ್ಲೂ ಯಾರೂ ಹೇಳಿರಲಿಲ್ಲ. ಈ ವ್ಯಾನಿಗೆಂದೇ ಅಂಥ ಸಾಧನ ಸಿಗುತ್ತದೆ. ಡ್ರಮ್ಮಿನ ವೀಲ್ ಬೋಲ್ಟಿಗೆ ಆತುಕೊಂಡು ಒಂಬತ್ತು ಪಟ್ಟು ಬಲ ಕೊಡುತ್ತದೆ. 340 ಬೇಕಾದಲ್ಲಿ ಕೈಗೆ ಸುಮಾರು 38 ಸಾಕು. ಗೇರಿನ ಉಜ್ಜಾಟಕ್ಕೆ ಸ್ವಲ್ಪ ನಷ್ಟವಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಅದನ್ನು ತರಿಸುವಷ್ಟು ಕಾಯಲಾಗದಿದ್ದರೆ ಬಡವರ ಉಪಾಯ ಇದೆ. ನಾಲ್ಕು ಅಡಿ ಉದ್ದದ, 50 ಮಿಲಿಮೀಟರಿನ ಕಬ್ಬಿಣದ ಆಂಗಲ್ ತನ್ನಿ. ಅದರ ಒಂದು ತುದಿಯಲ್ಲಿ ಎರಡು ತೂತು ಕೊರೆದು, ಚಕ್ರ ಬಿಚ್ಚಿ, ಅಕ್ಕಪಕ್ಕದ ಎರಡು ವೀಲ್ ಬೋಲ್ಟಿನಿಂದ ಡ್ರಮ್ಮಿಗೇ ಬಿಗಿಯಿರಿ. ಇನ್ನೊಂದು ತುದಿ ನೆಲಕ್ಕೆ ಆತುಕೊಳ್ಳಲಿ. 1970ರವರೆಗಿನ ನಿಮ್ಮ ವ್ಯಾನಿನಲ್ಲಿ ಐದು ಬೋಲ್ಟ್‌ಗಳ ವೃತ್ತದ ವ್ಯಾಸ 205 ಮಿಲಿಮೀಟರ್.

ಪಾಲಿಟೆಕ್ನಿಕ್ ಮೇಷ್ಟ್ರು, ದಾವಣಗೆರೆ

ಹಾಗಾದರೆ ಅಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರ 120.5 ಮಿಲಿಮೀಟರ್. ಆ ಗೆರೆ ಆಕ್ಸಲ್ಲಿನ ನಡುವಿನಿಂದ 83 ಮಿಲಿಮೀಟರ್ ದೂರದಲ್ಲಿ ಹೋಗುತ್ತದೆ. 50 ಮಿಲಿಮೀಟರ್ ಅಗಲದ ಆಂಗಲ್ ಸಾಕೆಟ್ಟಿಗೆ ತಗಲುವುದಿಲ್ಲ, ಧೈರ್ಯವಾಗಿ ಕೊರೆಯಿರಿ. ಎಡಗಡೆ ಬಿಚ್ಚುವಾಗ ಆಂಗಲ್ ಗಾಡಿಯ ಮೂತಿಯ ಕಡೆಗೆ ಚಾಚಿರಲಿ, ಆಗ ಅದು ನೆಲವನ್ನು ಒತ್ತುತ್ತದೆ. ಹಿಂದಕ್ಕೆ ಚಾಚಿದರೆ ಮೇಲಕ್ಕೆ ಎದ್ದುಬಿಡುತ್ತದೆ.

ಲಾರಿ ಮೇಸ್ತ್ರಿ, ಹುಬ್ಬಳ್ಳಿ

ಚಕ್ರ ಬಿಚ್ಚಿದ ಮೇಲೆ ಗಾಡಿ ಸ್ಟ್ಯಾಂಡಿನ ಮೇಲೆ ಕೂರಬೇಕು. ಜಾಕ್ ಬರೀ ಜೊತೆಗೆ. ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೆ ಮಲಗಿಸು. ಉಳಿದ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ ಕೊಡು. ಅರ್ಧ ಇಂಚಿನ ಬಾರನ್ನು ಮರೆತುಬಿಡು, ಮುಕ್ಕಾಲು ಇಂಚಿನದೇ ಬೇಕು. ಪೈಪನ್ನು ಅಡ್ಡಲಾಗಿಟ್ಟು ಕೆಳಗೆ ಒತ್ತು, ಜಗ್ಗಬೇಡ, ಕುಣಿಯಬೇಡ.

ಸಾಕೆಟ್ ಆರು ಮೂಲೆಯದಾಗಿರಲಿ, ಹನ್ನೆರಡರದಲ್ಲ. ಸಾಕೆಟ್ಟಿನ ಬಾಯಿ ನೋಡು. ನಟ್ ಸುಲಭವಾಗಿ ಒಳಹೋಗಲೆಂದು ಅಂಚನ್ನು ಓರೆ ಮಾಡಿರುತ್ತಾರೆ. ಆ ಓರೆ ಇರುವಷ್ಟು ಆಳ ಹಿಡಿತವಿಲ್ಲ. ತೆಳು ನಟ್ಟಿಗೆ ಅದೇ ಮುಳುವು, ಮೂಲೆ ಸವೆದು ಹೋಗುತ್ತದೆ. ನಾನು ಲೇತ್‌ಗೆ ಕೊಟ್ಟು ಬಾಯಿಯನ್ನು ಸಪಾಟು ಮಾಡಿಸುತ್ತೇನೆ.

ಬಿಳಿ ಬಸ್, ಸ್ಯಾಕ್ರಮೆಂಟೊ

ಬಿಚ್ಚಿತು!

ಸಾಧನ ಬರಲು ಇನ್ನೂ ಐದು ದಿನವಿತ್ತು, ಆಂಗಲ್ ಅರ್ಧ ದಿನದಲ್ಲಿ ಸಿದ್ಧವಾಯಿತು. 120.5 ಮಿಲಿಮೀಟರಿಗೆ ಗುರುತು ಹಾಕಿ ಕೊರೆದೆ, ಎರಡೂ ಬೋಲ್ಟ್ ಬೆಣ್ಣೆಯಂತೆ ಒಳಹೋದವು. ಮುಕ್ಕಾಲು ಇಂಚಿನ ಬಾರ್, ಐದು ಅಡಿ ಪೈಪ್. ಮೊದಲ ಒತ್ತಿಗೆ ಪೈಪ್ ಬಿಲ್ಲಿನಂತೆ ಬಾಗಿತು, ಬಸ್ ಮಾತ್ರ ನಿಂತಲ್ಲೇ ನಿಂತಿತ್ತು. ಎರಡನೆಯದಕ್ಕೆ ಟಣ್ ಎಂದು ಸದ್ದಾಯಿತು, ಮತ್ತೊಂದು ಬಾರ್ ಹೋಯಿತೆಂದೇ ಎದೆ ಝಲ್ಲೆಂದಿತು. ನೋಡಿದರೆ ನಟ್ಟಿನ ಬುಡದಲ್ಲಿ ತುಕ್ಕಿನ ಕಿತ್ತಳೆ ಪುಡಿ ಉದುರಿ ಹೊಳೆಯುವ ಗೆರೆ ಕಾಣುತ್ತಿತ್ತು. ಕಾಲು ಸುತ್ತು ಬಂದಿತ್ತು. ನನ್ನ ಹೆಂಡತಿ ವಿಡಿಯೋ ಹಿಡಿದಿದ್ದಳು, ಅದರಲ್ಲಿ ನಟ್ಟಿಗಿಂತ ನನ್ನ ಕೂಗೇ ಜಾಸ್ತಿ ಕೇಳುತ್ತದೆ.

ಈಗ ಡ್ರಮ್ ಬರುತ್ತಿಲ್ಲ. ಆಕ್ಸಲ್ಲಿನ ಹಲ್ಲುಗಳ ಮೇಲೆ ಕಚ್ಚಿ ಕೂತಿದೆ.

ಕಿತ್ತಳೆ ವ್ಯಾನ್, ಸ್ಟುಟ್‌ಗಾರ್ಟ್

ಅಭಿನಂದನೆ! ಡ್ರಮ್ಮಿನ ಅಂಚಿಗೆ ಸುತ್ತಿಗೆ ಬೀಸಬೇಡಿ, ಎರಕದ ಕಬ್ಬಿಣ ಸೀಳುತ್ತದೆ. ಮೊದಲು ಬ್ರೇಕ್ ಶೂ ಸಡಿಲಿಸಿ. ಡ್ರಮ್ಮಿನ ಒಳಗೆ ಸವೆದು ಏಣು ಎದ್ದಿದ್ದರೆ ಶೂ ಅದಕ್ಕೆ ಸಿಕ್ಕಿಕೊಂಡಿರುತ್ತದೆ. ಆಮೇಲೆ ವೀಲ್ ಬೋಲ್ಟಿನ ತೂತುಗಳಿಗೆ ಬಿಗಿಯುವ ಪುಲ್ಲರ್ (ಡ್ರಮ್ಮನ್ನು ಹೊರಕ್ಕೆಳೆಯುವ ತಿರುಪಿನ ಸಾಧನ) ಹಾಕಿ. ನಟ್ಟನ್ನು ಪೂರ್ತಿ ತೆಗೆಯದೆ, ಆಕ್ಸಲ್ಲಿನ ತುದಿಗೆ ಸಮನಾಗಿ ಕೆಲವು ಸುತ್ತು ಬಿಟ್ಟಿರಿ. ಡ್ರಮ್ ಬಿಡುವಾಗ ಗುಂಡಿನಂತೆ ಹಾರುತ್ತದೆ, ನಟ್ ಇದ್ದರೆ ಅದೇ ತಡೆಯುತ್ತದೆ. ಮರೆಯೂ ಉಳಿಯುತ್ತದೆ.

ಬಿಳಿ ಬಸ್, ಸ್ಯಾಕ್ರಮೆಂಟೊ

ಪುಲ್ಲರ್ ಬಿಗಿದು ರಾತ್ರಿ ಹಾಗೆಯೇ ಬಿಟ್ಟಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಗ್ಯಾರೇಜಿನಿಂದ ಧಡ್ ಎಂದು ಸದ್ದು. ಡ್ರಮ್ ತಾನಾಗಿಯೇ ಬಿಟ್ಟು ನಟ್ಟಿಗೆ ಬಂದು ನಿಂತಿತ್ತು. ಅಕ್ಕ, ನಟ್ ತೆಗೆದಿಟ್ಟಿದ್ದರೆ ಅದು ನೇರ ಮಗಳ ಸೈಕಲ್ಲಿನ ಮೇಲೆ ಬೀಳುತ್ತಿತ್ತು.

ವೀಲ್ ಸಿಲಿಂಡರಿನ ಒಂದು ಬದಿಯ ರಬ್ಬರ್ ಹರಿದಿದೆ, ಶೂ ಎರಡೂ ನೆನೆದು ಕಪ್ಪಾಗಿವೆ. ಎಲ್ಲವನ್ನೂ ಬದಲಿಸುತ್ತಿದ್ದೇನೆ. ಹೊಸ ನಟ್, ಹೊಸ ಪಿನ್ ತರಿಸಿದ್ದೇನೆ. ಬಿಗಿಯುವ ಬಗ್ಗೆ ಹೇಳಿ. ನನ್ನ ಟಾರ್ಕ್ ವ್ರೆಂಚ್ 200 ದಾಟುವುದಿಲ್ಲ.

ಲಾರಿ ಮೇಸ್ತ್ರಿ, ಹುಬ್ಬಳ್ಳಿ

ಬಿಚ್ಚುವುದಕ್ಕಿಂತ ಬಿಗಿಯುವುದೇ ದೊಡ್ಡ ಕೆಲಸ ತಮ್ಮಾ. ಬಿಗಿ ಸಾಲದಿದ್ದರೆ ಡ್ರಮ್ ಆ ಹಲ್ಲುಗಳ ಮೇಲೆ ಒಂದೊಂದು ಸಲ ಗಾಡಿ ಎಳೆದಾಗಲೂ ಆಡುತ್ತದೆ. ಆಡಿ ಆಡಿ ಹಲ್ಲು ಸವೆದು ಒಂದು ದಿನ ಆಕ್ಸಲ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಹಲ್ಲುಗಳನ್ನು ಒರೆಸಿ ಶುಚಿ ಮಾಡು.

ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಅಡೆ ಕೊಟ್ಟು, ನಡುವಿನ ಕಂಡಿಯಿಂದ ಕೊನೆಯ ಬಿಗಿ ಕೊಡು. ಮೇಷ್ಟ್ರು ಹೇಳಿದ 70 ಕಿಲೋ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ನಿನ್ನ ತೂಕ ನೋಡಿಕೋ, ಎಲ್ಲಿ ನಿಂತರೆ 340 ಆಗುತ್ತದೋ ಅಲ್ಲಿ ಪೈಪಿಗೆ ಚಾಕ್‌ಪೀಸಿನಿಂದ ಗುರುತು ಹಾಕು. ಈಗ ನಿನ್ನ ಹ್ಯಾಂಡ್ ಬ್ರೇಕಿಗೂ ಹೊಸ ಶೂ ಇದೆ. ಆದರೂ ಯಾರಾದರೂ ಪೆಡಲ್ ತುಳಿದು ಕೂತಿರಲಿ.

ಕಿತ್ತಳೆ ವ್ಯಾನ್, ಸ್ಟುಟ್‌ಗಾರ್ಟ್

ಅಳತೆಗೆ ಬಂದಾಗ ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಹೊಂದದಿದ್ದರೆ ಮುಂದಿನ ಸೀಳಿನವರೆಗೆ ಇನ್ನಷ್ಟು ಬಿಗಿಯಿರಿ. ಪಿನ್ ಕೂರಲಿ ಎಂದು ಹಿಂದಕ್ಕೆ ಸಡಿಲಿಸಲೇಬೇಡಿ. ಗೇರ್ ಸಾಧನ ಬಂದಿದ್ದರೆ ಅದನ್ನು ವಾಪಸ್ ಕಳಿಸಬೇಡಿ, ಈ ಕೊನೆಯ ಸ್ವಲ್ಪ ದೂರಕ್ಕೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ.

ಬಿಳಿ ಬಸ್, ಸ್ಯಾಕ್ರಮೆಂಟೊ

ಸಾಧನ ಇಂದು ಮಧ್ಯಾಹ್ನ ಬಂತು. ನನ್ನ ತೂಕ 78 ಕಿಲೋ, ಹಾಗಾಗಿ ಪೈಪಿನ ಗುರುತು 44 ಸೆಂಟಿಮೀಟರಿಗೆ ಬಂತು. ಮಗಳು ಪೆಡಲ್ ತುಳಿದು ಕೂತಿದ್ದಳು. ಅಳತೆ ಮುಟ್ಟಿದಾಗ ತೂತು ಅರ್ಧ ಮಾತ್ರ ಕಾಣುತ್ತಿತ್ತು. ಗೇರ್ ಸಾಧನ ಸಿಕ್ಕಿಸಿ, ಒಂದು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಸೀಳು ಕೂದಲೆಳೆ ಕೂದಲೆಳೆಯಾಗಿ ಸರಿಯುತ್ತಾ ಬಂದು ತೂತು ಪೂರ್ತಿ ತೆರೆಯಿತು. ಪಿನ್ ಹಾಕಿ ಎರಡೂ ಕಾಲು ಮಡಚಿದ್ದೇನೆ. ಪೆಡಲ್ ಈಗ ಗಟ್ಟಿಯಾಗಿ ನಿಲ್ಲುತ್ತದೆ.

ನಾಳೆ ಬಲಗಡೆ. ಅಲ್ಲಿ ಆಂಗಲ್ ಬೇಕಾದರೆ ಹಿಂದಕ್ಕೆ ಚಾಚಬೇಕು ಅಲ್ಲವೇ, ಸರ್?

ಪಾಲಿಟೆಕ್ನಿಕ್ ಮೇಷ್ಟ್ರು, ದಾವಣಗೆರೆ

ಹೌದು, ಬಲಗಡೆ ಬಿಚ್ಚುವಾಗ ಹಿಂದಕ್ಕೆ. ಪಿನ್ನಿನ ಎರಡೂ ಕಾಲನ್ನು ಎಣಿಸಿದ ಮೇಲೆ.